340 ಜಂಪ್, 170ರ ಛತ್ರಿ: ಬೆಳಗಾವಿಯ ಒಂದು ಪ್ರಕರಣ

ಆಷಾಢದಲ್ಲಿ ಮದುವೆ ಇರೋದಿಲ್ಲ. ಹಾಗಾಗಿ ಟಿಳಕವಾಡಿಯ ಒಂದು ಕಲ್ಯಾಣ ಮಂಟಪ ನಮಗೆ ಒಂದು ಮಧ್ಯಾಹ್ನದ ಮಟ್ಟಿಗೆ ಸುಲಭವಾಗಿ ಸಿಕ್ಕಿತು. ಹೊರಗೆ ಬೆಳಗಾವಿಯ ಮಳೆ. ಒಳಗೆ ನುಣುಪು ನೆಲ, ಒಳ್ಳೆಯ ಬೆಳಕು. ನಾನು, ನನ್ನ ಗೆಳೆಯ ಇಬ್ಬರೂ ಅವನು ಕೊಳ್ಳಬೇಕೆಂದಿದ್ದ ಹಳೆಯ ಪ್ಯಾರಾಶೂಟನ್ನು ಉದ್ದಕ್ಕೆ ಹಾಸಿ ಮೊಣಕಾಲೂರಿ ಕೂತಿದ್ದೆವು. ಕಾವಲುಗಾರ ಬಂದು ಬಟ್ಟೆ ಮುಟ್ಟಿ ನೋಡಿದ. 'ಇಷ್ಟ ತೆಳ್ಳಗ ಐತಲ್ರೀ, ಶಾಮಿಯಾನಾ ಮಾಡಿದ್ರ ಮಳಿ ತಡೀತದೇನು?' ಅಂತ ಕೇಳಿದ. ಮಳೆ ತಡೆಯೋದು ದೂರದ ಮಾತು. ಗೆಳೆಯನನ್ನು ತಡೆಯುತ್ತದೆಯೋ ಇಲ್ಲವೋ ಅನ್ನೋದೇ ಅವತ್ತಿನ ಪ್ರಶ್ನೆಯಾಗಿತ್ತು.

ಗೆಳೆಯನ ಹೆಸರು ಬೇಡ. ವಯಸ್ಸು 43. ಉದ್ಯಮಬಾಗದಲ್ಲಿ ಸಣ್ಣ ಫೌಂಡ್ರಿ ಇದೆ. ಒಂಬತ್ತು ವರ್ಷದ ಹಿಂದೆ ಥಾಯ್ಲೆಂಡಿಗೆ ಹೋಗಿ ಸ್ಕೈಡೈವಿಂಗ್ ಕಲಿತು ಬಂದ. ಆಮೇಲೆ ಹುಚ್ಚು ಹತ್ತಿತು. ಲಾಗ್‌ಬುಕ್ಕಿನಲ್ಲಿ 340 ಜಂಪ್ ಇದೆ, ಸಿ ಲೈಸೆನ್ಸ್ ಇದೆ. ಅಮೆರಿಕದ ಪದ್ಧತಿಯಲ್ಲಿ ಎ ಲೈಸೆನ್ಸಿಗೆ 25 ಜಂಪ್, ಬಿಗೆ 50, ಸಿಗೆ 200, ಡಿಗೆ 500 ಬೇಕು. ಅಂದರೆ ಇವನು ಹೊಸಬನಲ್ಲ. ಆದರೂ ಒಂಬತ್ತು ವರ್ಷ ಬಾಡಿಗೆ ಸಾಮಾನಿನಲ್ಲೇ ಜಿಗಿದ. ಈಗ ಸ್ವಂತ ರಿಗ್, ಅಂದರೆ ಛತ್ರಿಗಳು ಮತ್ತು ಅವನ್ನು ಬೆನ್ನಿಗೆ ಹೊರುವ ಚೀಲದ ಇಡೀ ಜೋಡಣೆ, ಬೇಕು ಅಂತ ಹಠ ಹಿಡಿದಿದ್ದ. ನಾನು ಅವನಿಗಿಂತ ಸ್ವಲ್ಪ ಮುಂಚೆ ಈ ಆಟಕ್ಕೆ ಬಿದ್ದವನು, ಜಂಪ್ ಕೂಡ ಸ್ವಲ್ಪ ಜಾಸ್ತಿ. ಹಾಗಾಗಿ 'ನೀ ಬಾ, ನೋಡು' ಅಂದ. ನಾನು ಪ್ಯಾರಾಶೂಟ್ ಪರೀಕ್ಷಿಸಿ ಮಡಿಸುವ ರಿಗ್ಗರ್ ಅಲ್ಲ. ಆ ಕೆಲಸಕ್ಕೆ ಬೇರೆ ತರಬೇತಿ, ಬೇರೆ ಸರ್ಟಿಫಿಕೇಟ್ ಬೇಕು. ಆದರೆ ರಿಗ್ಗರ್ ಹತ್ತಿರ ಕಳಿಸುವಷ್ಟು ಬೆಲೆ ಈ ಸಾಮಾನಿಗೆ ಇದೆಯಾ ಅಂತ ನೋಡೋದಕ್ಕೆ ಕಣ್ಣು, ಕೈ, ಅಳತೆಪಟ್ಟಿ ಸಾಕು.

ಬೆಳಗಾವಿಯಲ್ಲಿ ಪ್ಯಾರಾಶೂಟ್ ಅಂದರೆ ಜನರಿಗೆ ನೆನಪಾಗೋದು ಮಿಲಿಟರಿ. ಅದು ಸಹಜ. ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ ಇಲ್ಲೇ ಇದೆ. ಅದರ 3ನೇ ಬೆಟಾಲಿಯನ್ ಮುಂದೆ ಪ್ಯಾರಾಶೂಟ್ ರೆಜಿಮೆಂಟಿನ 2ನೇ ಬೆಟಾಲಿಯನ್ ಆಯಿತು. 1971ರ ಡಿಸೆಂಬರ್ 11ರಂದು ತಂಗೈಲ್‌ನಲ್ಲಿ ಆಕಾಶದಿಂದ ಇಳಿದದ್ದು ಅವರೇ. ಗೆಳೆಯನ ಮಾವ ಇವತ್ತಿಗೂ ಇವನ ಹವ್ಯಾಸವನ್ನು 'ಪ್ಯಾರಾ ಕೆಲಸ' ಅಂತಾರೆ. ಆದರೆ ಸೈನಿಕರ ಸಾಮಾನ್ಯ ದುಂಡು ಛತ್ರಿಗೂ ನಮ್ಮ ಛತ್ರಿಗೂ ಬಹಳ ಫರಕಿದೆ. ಅದು ಗಾಳಿ ಹಿಡಿದು ನೇರ ಕೆಳಗಿಳಿಸುತ್ತದೆ. ನಮ್ಮದು ಬಟ್ಟೆಯ ರೆಕ್ಕೆ. ಮುಂದಿನ ಬಾಯಿಂದ ಗಾಳಿ ತುಂಬಿಕೊಂಡು ವಿಮಾನದ ಹಾಗೆ ಮುಂದೆ ಹಾರುತ್ತದೆ. ರೆಕ್ಕೆ ಸಣ್ಣದಾದಷ್ಟೂ ವೇಗ ಜಾಸ್ತಿ. ಇಡೀ ಪ್ರಕರಣ ನಿಂತದ್ದು ಇದರ ಮೇಲೇ.

ಬೆಂಗಳೂರಿನ ಒಬ್ಬ ಜಿಗಿತಗಾರ ತನ್ನ ಹಳೆಯ ರಿಗ್ ಮಾರುತ್ತಿದ್ದ. ಮುಖ್ಯ ಛತ್ರಿ 135 ಚದರಡಿ, ಅದು ಕೈಕೊಟ್ಟರೆ ತೆರೆಯುವ ರಿಸರ್ವ್ ಛತ್ರಿ 126, ಎರಡನ್ನೂ ಬೆನ್ನಿಗೆ ಹೊರುವ ಕಂಟೇನರ್, ಜೊತೆಗೆ ರಿಸರ್ವನ್ನು ತಾನೇ ತೆರೆಸುವ ಎಎಡಿ ಅನ್ನೋ ಯಂತ್ರ. ಕಪ್ಪು ಕೆಂಪು ಬಣ್ಣ, ಫೋಟೋದಲ್ಲಿ ಭಾರಿ ಚೆಂದ. ಹೊಸ ರಿಗ್ ಪೂರ್ತಿ ಕೊಳ್ಳಬೇಕಾದರೆ ಸುಮಾರು 8ರಿಂದ 10 ಸಾವಿರ ಡಾಲರ್ ಬೇಕು. ಇವನು ಅದರ ಮೂರನೇ ಒಂದು ಪಾಲು ಕೇಳುತ್ತಿದ್ದ. ಸ್ವಲ್ಪ ಮುಂಗಡ ತಗೊಂಡು, ನೋಡಿ ವಾಪಸ್ ಕಳಿಸಿ ಅಂತ ರಿಗ್ಗನ್ನೇ ಕಳಿಸಿಕೊಟ್ಟ. ಅಷ್ಟರಮಟ್ಟಿಗೆ ಒಳ್ಳೆಯ ಮನುಷ್ಯ.

ಛತ್ರಿ ಬಿಚ್ಚುವ ಮೊದಲು ನಾನು ಗೆಳೆಯನ ಲಾಗ್‌ಬುಕ್ ಬಿಚ್ಚಿದೆ. ಅವನಿಗೆ ಇದು ಸೇರಲಿಲ್ಲ. '340 ಆಗ್ಯಾವಲೇ, ಇನ್ನೇನು ನೋಡ್ತಿ?' ಅಂದ. ನಾನು ವರ್ಷ ವರ್ಷ ಬೇರೆ ಮಾಡಿ ಕೂಡಿಸಿದೆ. ಮೊದಲ ಎರಡು ವರ್ಷದಲ್ಲೇ 180 ಜಂಪ್. ಆಮೇಲೆ ಮದುವೆ, ಮಗು, ಕೋವಿಡ್, ಫೌಂಡ್ರಿಯ ಸಾಲ. ಕೊನೆಯ ಮೂರು ವರ್ಷದ್ದು ಎಲ್ಲಾ ಸೇರಿ 41. ಕೊನೆಯ ಜಂಪ್ ಆಗಿ ಹನ್ನೊಂದು ತಿಂಗಳು. ಇದನ್ನು ಕಾಗದದ ಮೇಲೆ ನೋಡಿದಾಗ ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಮ್ಮ ಭಾಗದ ಜಿಗಿತಗಾರರ ಕಷ್ಟವೇ ಇದು. ವಾರ ವಾರ ಜಿಗಿಯೋ ಜಾಗ ಹತ್ತಿರ ಇಲ್ಲ. ಮೈಸೂರಿನಲ್ಲಿ ಆಗಾಗ ಕ್ಯಾಂಪ್ ನಡೆದಿದೆ, ಹರಿಯಾಣದ ನಾರ್ನೌಲ್ ಇದೆ, ಇಲ್ಲವಾದರೆ ಥಾಯ್ಲೆಂಡ್, ದುಬೈ. ಅಂದರೆ ವರ್ಷಕ್ಕೆ ಒಂದು ಅಥವಾ ಎರಡು ಸಲ ಹೋಗಿ, ಹತ್ತು ದಿನದಲ್ಲಿ ಮೂವತ್ತು ಜಂಪ್ ಮಾಡಿ ಬರೋದು. ಆಮೇಲೆ ಹತ್ತು ತಿಂಗಳು ಫೋಟೋ ನೋಡೋದು. ಇಂಥವರು ಅನುಭವಿಗಳು ಹೌದು, ಆದರೆ ಕೈ ತುಕ್ಕು ಹಿಡಿದ ಅನುಭವಿಗಳು. ವಾರಕ್ಕೆ ಹತ್ತು ಜಿಗಿಯೋ ಅಮೆರಿಕದ ಹುಡುಗನ 340ಕ್ಕೂ ನಮ್ಮ 340ಕ್ಕೂ ಒಂದೇ ಬೆಲೆ ಕಟ್ಟಬಾರದು. ಸಾಮಾನು ಕೊಳ್ಳುವಾಗ ಒಟ್ಟು ಸಂಖ್ಯೆಗಿಂತ ಹೋದ ವರ್ಷದ ಸಂಖ್ಯೆ ಮುಖ್ಯ. ನಾನು ಇಡೀ ಪ್ರಕರಣದಲ್ಲಿ ಹಠ ಹಿಡಿದದ್ದು ಈ ಒಂದೇ ಮಾತಿಗೆ.

ಆಮೇಲೆ ಲೆಕ್ಕ. ಗೆಳೆಯನ ತೂಕ 78 ಕೆಜಿ. ರಿಗ್, ಸೂಟ್, ಹೆಲ್ಮೆಟ್, ಶೂ ಎಲ್ಲಾ ಸೇರಿ ಇನ್ನೊಂದು 12. ಒಟ್ಟು 90 ಕೆಜಿ, ಪೌಂಡಿನಲ್ಲಿ 198. ಇದನ್ನು ಛತ್ರಿಯ ಚದರಡಿಯಿಂದ ಭಾಗಿಸಿದರೆ ಬರೋದೇ ವಿಂಗ್ ಲೋಡಿಂಗ್. 190ರ ಛತ್ರಿಗೆ 1.04. 170ಕ್ಕೆ 1.16. 150ಕ್ಕೆ 1.32. ಮಾರಾಟಕ್ಕಿದ್ದ 135ಕ್ಕೆ 1.47. ಇವನು ಇಲ್ಲಿಯವರೆಗೆ ಜಿಗಿದದ್ದು 190 ಮತ್ತು 170ರಲ್ಲಿ ಮಾತ್ರ. 150 ಮುಟ್ಟಿಯೇ ಇಲ್ಲ. ಒಂದೇ ಏಟಿಗೆ ಎರಡು ಮೆಟ್ಟಿಲು ಹಾರಿ 135ಕ್ಕೆ ಹೋಗಬೇಕು ಅನ್ನೋ ಆಸೆ.

ಅವನ ಹತ್ತಿರವೂ ಒಂದು ಲೆಕ್ಕ ಇತ್ತು. ಜಿಗಿತಗಾರರಲ್ಲಿ ಒಂದು ಬಾಯಿಲೆಕ್ಕ ಓಡಾಡುತ್ತದೆ. ಮೊದಲ 100 ಜಂಪಿನವರೆಗೆ 1.0 ದಾಟಬಾರದು, 200ರವರೆಗೆ 1.1, 300ರವರೆಗೆ 1.2, ಹೀಗೆ. ಆ ಪ್ರಕಾರ ಇವನಿಗೆ 1.3, ಅಂದರೆ 150ರ ಛತ್ರಿ ಹೆಚ್ಚುಕಡಿಮೆ ಒಗ್ಗುತ್ತದೆ. 135 ಬ್ಯಾಡಂದ್ರ 150 ಆದ್ರೂ ಕೊಡು ಅಂತ ವಾದ. ಲೆಕ್ಕ ತಪ್ಪಲ್ಲ. ಆದರೆ ಆ ಲೆಕ್ಕ ಮಾಡಿದವರ ಮನಸ್ಸಿನಲ್ಲಿ ಇದ್ದದ್ದು ನಿರಂತರವಾಗಿ ಜಿಗಿಯೋ ಮನುಷ್ಯ, ಸಮುದ್ರಮಟ್ಟದ ತಂಪು ಗಾಳಿ. ಮೈಸೂರು ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 2,300 ಅಡಿ ಎತ್ತರದಲ್ಲಿದೆ. ನಮ್ಮ ಸಾಂಬ್ರಾ ಸುಮಾರು 2,500. ಎತ್ತರದಲ್ಲಿ ಗಾಳಿ ತೆಳು, ಬಿಸಿಲಾದರೆ ಇನ್ನೂ ತೆಳು. 33 ಡಿಗ್ರಿ ಬಿಸಿಲಿನಲ್ಲಿ ಅಲ್ಲಿಯ ಗಾಳಿ 5,000 ಅಡಿ ಮೇಲಿನ ಗಾಳಿಯ ಹಾಗೆ ವರ್ತಿಸುತ್ತದೆ. ಅದೇ ಛತ್ರಿ, ಅದೇ ಮನುಷ್ಯ, ಆದರೆ ನೆಲಕ್ಕೆ ಬರುವ ವೇಗ ಸಮುದ್ರಮಟ್ಟಕ್ಕಿಂತ ನೂರಕ್ಕೆ ಸುಮಾರು 8ರಷ್ಟು ಜಾಸ್ತಿ. ಪಟ್ಟಾಯದ ಹತ್ತಿರ ಸಮುದ್ರದ ಪಕ್ಕ ಕಲಿತ ಕಣ್ಣಿಗೆ ಇದು ಮೋಸ ಮಾಡುತ್ತದೆ. ನೆಲ ಮುಟ್ಟುವ ಮುಂಚೆ ಎರಡೂ ಬ್ರೇಕ್ ಎಳೆದು ವೇಗ ತಗ್ಗಿಸುವ ಫ್ಲೇರ್‌ನ ಹೊತ್ತು ತಪ್ಪುತ್ತದೆ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಹೊರಗಿನವರಿಗೆ ಛತ್ರಿ ತೆರೆಯದಿದ್ದರೆ ಏನು ಗತಿ ಅನ್ನೋದೇ ಭಯ. ಆದರೆ ಈ ಆಟದ ಸಾವುನೋವಿನಲ್ಲಿ ದೊಡ್ಡ ಪಾಲು ಆಗೋದು ಚೆನ್ನಾಗಿ ತೆರೆದ ಛತ್ರಿಯ ಕೆಳಗೆ. ನೆಲದ ಹತ್ತಿರ ಯಾರೋ ಅಡ್ಡ ಬಂದರು, ತಂತಿ ಕಂಡಿತು ಅಂತ ಗಾಬರಿಯಿಂದ ಒಂದು ಕಡೆ ಜೋರಾಗಿ ಎಳೆದರೆ ಛತ್ರಿ ತಿರುಗುತ್ತಾ ಧುಮುಕುತ್ತದೆ. ಸಣ್ಣ ಛತ್ರಿಯ ಲೈನುಗಳೂ, ಅಂದರೆ ಮನುಷ್ಯನನ್ನು ತೂಗುವ ಹುರಿಗಳೂ ಗಿಡ್ಡ, ಹಾಗಾಗಿ ತಿರುವು ಇನ್ನೂ ಚುರುಕು. ದೊಡ್ಡದರಲ್ಲಿ ಕಾಲು ಉಳುಕುವ ತಪ್ಪು, ಸಣ್ಣದರಲ್ಲಿ ತೊಡೆ ಮುರಿಯುತ್ತದೆ.

ಈಗ ಮಂಟಪದ ನೆಲಕ್ಕೆ ಬರೋಣ. ನಿಜ ಹೇಳಬೇಕೆಂದರೆ ಅಳತೆಯ ಕಾರಣಕ್ಕೇ ಈ ರಿಗ್ ಬೇಡ ಅಂತ ಆಗಲೇ ತೀರ್ಮಾನಿಸಬಹುದಿತ್ತು. ಆದರೆ ಹಳೆಯ ಸಾಮಾನನ್ನು ನೋಡೋದು ಹೇಗೆ ಅಂತ ಅವನಿಗೂ ಗೊತ್ತಾಗಲಿ ಅಂತ ಪೂರ್ತಿ ನೋಡಿದೆವು. ಇಲ್ಲಿ ಫೌಂಡ್ರಿಯವನ ಕಣ್ಣು ನನ್ನದಕ್ಕಿಂತ ಚುರುಕಾಗಿತ್ತು.

ಲೈನುಗಳಿಂದ ಶುರು ಮಾಡಿದೆವು. ಈ ಛತ್ರಿಯದು ಸ್ಪೆಕ್ಟ್ರಾ ಅನ್ನೋ ಎಳೆಯ ಲೈನು. ಎಳೆತಕ್ಕೆ ಬಹಳ ಗಟ್ಟಿ, ಆದರೆ ಕಾವು ತಡೆಯೋದಿಲ್ಲ. ಪ್ರತಿ ಸಲ ಛತ್ರಿ ತೆರೆಯುವಾಗ ಸ್ಲೈಡರ್ ಅನ್ನೋ ಚೌಕದ ಬಟ್ಟೆ ಲೈನುಗಳನ್ನು ಉಜ್ಜಿಕೊಂಡು ಕೆಳಗಿಳಿಯುತ್ತದೆ. ಆ ಉಜ್ಜಾಟದ ಬಿಸಿಗೆ ಲೈನು ಸ್ವಲ್ಪ ಸ್ವಲ್ಪವೇ ಕುಗ್ಗುತ್ತದೆ. ಅಂಚಿನವು ಜಾಸ್ತಿ, ಛತ್ರಿಯ ಬಾಲ ಎಳೆಯುವ ಬ್ರೇಕ್ ಲೈನು ಎಲ್ಲಕ್ಕಿಂತ ಜಾಸ್ತಿ. ನಡುವಿನವು ಅಷ್ಟಿಲ್ಲ. ನೂರಾರು ಜಂಪ್ ಆದ ಮೇಲೆ ಛತ್ರಿಯ ಆಕಾರವೇ ಬದಲಾಗುತ್ತದೆ. ಲೈನುಗಳನ್ನು ಮೈಪಟ್ಟಿಗೆ ಸೇರಿಸುವ ರೈಸರನ್ನು ವೇದಿಕೆಯ ಕಬ್ಬಿಣದ ಕಂಬಕ್ಕೆ ಸಿಕ್ಕಿಸಿ, ಒಂದೊಂದೇ ಲೈನನ್ನು ಒಂದೇ ಬಿಗಿಗೆ ಎಳೆದು, ಕಂಪನಿಯ ಅಳತೆಪಟ್ಟಿಯ ಜೊತೆ ಹೋಲಿಸಿದೆವು. ಬಲಗಡೆಯ ಬ್ರೇಕ್ ಲೈನು 7 ಸೆಂಟಿಮೀಟರ್ ಕುಗ್ಗಿತ್ತು. ಎಡಗಡೆಯದು 3. 'ನಮ್ಮಲ್ಲಿ ಅರ್ಧ ಮಿಲಿಮೀಟರ್ ಫರಕ್ ಬಂದ್ರ ಮಾಲು ವಾಪಸ್ ಬರ್ತದ' ಅಂತ ಗೆಳೆಯ ಮುಖ ಸಿಂಡರಿಸಿದ. ಹೀಗೆ ಕುಗ್ಗಿದ ಛತ್ರಿ ತಾನಾಗಿಯೇ ಒಂದು ಕಡೆ ಎಳೆಯುತ್ತದೆ. ಬ್ರೇಕ್ ಪೂರ್ತಿ ಬಿಟ್ಟರೂ ಬಾಲ ಸ್ವಲ್ಪ ಎಳೆದೇ ಇರುತ್ತದೆ. ಇದೊಂದೇ ಆಗಿದ್ದರೆ ಪರವಾಗಿಲ್ಲ, ಹೊಸ ಲೈನು ಹಾಕಿಸಬಹುದು.

ಆಮೇಲೆ ಸ್ಲೈಡರಿನ ಲೋಹದ ಬಳೆಗಳು. ಗೆಳೆಯ ಬೆರಳು ಆಡಿಸಿದ ಕೂಡಲೇ 'ಬರ್ ಐತಿ' ಅಂದ. ನನಗೆ ಕಾಣಲಿಲ್ಲ. ಮಂಟಪದ ಅಲಂಕಾರದ ಪೆಟ್ಟಿಗೆಯಿಂದ ತೆಳ್ಳನೆ ನೈಲಾನ್ ಬಟ್ಟೆ ತಂದು ಬಳೆಯ ಒಳಗೆ ಆಡಿಸಿದ. ಎರಡು ಕಡೆ ಎಳೆ ಸಿಕ್ಕಿಕೊಂಡಿತು. ಪ್ರತಿ ಜಂಪಿಗೂ ಈ ಚೂಪು ಲೈನನ್ನು ಕೆರೆಯುತ್ತದೆ. ಲೈನಿನ ಮೇಲೆ ಅಲ್ಲಲ್ಲಿ ಹತ್ತಿಯಂಥ ನವಿರು ಎದ್ದಿದ್ದು ಯಾಕೆ ಅಂತ ಗೊತ್ತಾಯಿತು.

ಪೈಲಟ್ ಚೂಟ್ ಬಗ್ಗೆ ಬಹಳ ಜನ ತಲೆ ಕೆಡಿಸಿಕೊಳ್ಳೋದಿಲ್ಲ. ಕೈಯಿಂದ ಗಾಳಿಗೆ ಬಿಡುವ ಆ ಪುಟ್ಟ ಛತ್ರಿಯೇ ದೊಡ್ಡದನ್ನು ಹೊರಗೆಳೆಯೋದು. ಕೆಲಸ ಮುಗಿದ ಮೇಲೆ ಅದು ಮುದುಡಿಕೊಳ್ಳಲಿ ಅಂತ ನಡುವೆ ಒಂದು ಹುರಿ ಇರುತ್ತದೆ. ಆ ಹುರಿಯೂ ಕುಗ್ಗುತ್ತದೆ. ಕುಗ್ಗಿದರೆ ಪೈಲಟ್ ಚೂಟ್ ಪೂರ್ತಿ ಅರಳೋದಿಲ್ಲ, ಎಳೆತ ಕಡಿಮೆ, ದೊಡ್ಡ ಛತ್ರಿ ಹೊರಬರೋದು ತಡ. ಗಂಟೆಗೆ 190 ಕಿಲೋಮೀಟರ್ ವೇಗದಲ್ಲಿ ಬೀಳುವಾಗ ಒಂದು ಸೆಕೆಂಡ್ ತಡ ಅಂದರೆ 170 ಅಡಿಗಿಂತ ಜಾಸ್ತಿ. ಇಲ್ಲಿ ಹುರಿ ಎಳೆದು ನೋಡಿದೆವು. ಕುಗ್ಗಿತ್ತು. ಪೈಲಟ್ ಚೂಟ್ ಇಡುವ ಕೆಳಗಿನ ಸ್ಪ್ಯಾಂಡೆಕ್ಸ್ ಜೇಬು ಕೂಡ ಹಳೆಯ ಕಾಲುಚೀಲದ ಹಾಗೆ ಸಡಿಲ. ತಲೆಕೆಳಗಾಗಿ ಹಾರುವವರಿಗೆ ಇದು ಅಪಾಯ. ಆ ವೇಗದಲ್ಲಿ ಛತ್ರಿ ತಾನಾಗಿ ತೆರೆದರೆ ಬಟ್ಟೆಯೂ ಹರಿಯಬಹುದು, ಕತ್ತೂ ಮುರಿಯಬಹುದು.

ಮೂರು ಉಂಗುರದ ಬಿಡುಗಡೆ, ಅದು ಚೆನ್ನಾಗಿತ್ತು. ಬಿಲ್ ಬೂತ್ ಕಂಡುಹಿಡಿದ ಈ ಉಪಾಯವನ್ನು ನೋಡಿದಾಗೆಲ್ಲ ನನಗೆ ಖುಷಿಯಾಗುತ್ತದೆ. ದೊಡ್ಡ ಉಂಗುರದೊಳಗೆ ಸಣ್ಣದು, ಅದರೊಳಗೆ ಇನ್ನೂ ಸಣ್ಣದು. ಒಂದೊಂದು ಉಂಗುರಕ್ಕೂ ಭಾರ ಹಂಚಿ ಇಳಿಯುತ್ತಾ ಬಂದು, ಕೊನೆಗೆ ಉಳಿದ ಸ್ವಲ್ಪ ಭಾರವನ್ನು ಒಂದು ತೆಳ್ಳನೆ ಕೇಬಲ್ ಹಿಡಿದಿರುತ್ತದೆ. ಒಂದು ಕೈಯಿಂದ ಎಳೆದರೆ ಕೆಟ್ಟ ಛತ್ರಿ ಕಳಚಿ ಹೋಗುತ್ತದೆ. ಗೆಳೆಯನೂ ಹತ್ತು ನಿಮಿಷ ಅದನ್ನೇ ಹಾಕಿ ತೆಗೆದು ಮಾಡಿದ. ಯಂತ್ರದ ಮನುಷ್ಯ, ಅಲ್ವಾ.

ಕೊನೆಗೆ ಎಎಡಿ. ಮನುಷ್ಯ ಮರೆತರೂ, ಪ್ರಜ್ಞೆ ತಪ್ಪಿದರೂ ತಾನೇ ರಿಸರ್ವ್ ತೆರೆಸುವ ಪುಟ್ಟ ಯಂತ್ರ. ನೆಲದಿಂದ ಸುಮಾರು 750 ಅಡಿ ಎತ್ತರದಲ್ಲಿ ಇನ್ನೂ ಸೆಕೆಂಡಿಗೆ 35 ಮೀಟರಿಗಿಂತ ಜೋರಾಗಿ ಬೀಳುತ್ತಿದ್ದರೆ ಸೈಪ್ರಸ್ ಅನ್ನೋ ಎಎಡಿ ರಿಸರ್ವನ್ನು ಮುಚ್ಚಿಟ್ಟ ಲೂಪ್ ಕತ್ತರಿಸುತ್ತದೆ. 1991ರಲ್ಲಿ ಜರ್ಮನಿಯಿಂದ ಬಂದ ಇದು ಎಷ್ಟು ಜನರ ಜೀವ ಉಳಿಸಿದೆಯೋ. ಜಾಹೀರಾತಿನಲ್ಲಿ 'ಎಎಡಿ ಸಮೇತ' ಅಂತ ಇತ್ತು. ಜೊತೆಗೆ ಬಂದ ಕಾಗದ ನೋಡಿದರೆ ಇದು ಸೈಪ್ರಸ್ 2, ತಯಾರಾದದ್ದು 2012ರ ಜನವರಿ. ಆ ಕಾಲದವಕ್ಕೆ ಆಯಸ್ಸು ಹನ್ನೆರಡೂವರೆ ವರ್ಷ. 2016ರಿಂದ ಈಚಿನವಕ್ಕೆ ಹದಿನೈದೂವರೆ ವರ್ಷ ಇದೆ, ಬೆಲ್ಜಿಯಂನ ವಿಜಿಲ್‌ಗೆ ಇಪ್ಪತ್ತು. ಇದರದ್ದು ಆಗಲೇ ಮುಗಿದುಹೋಗಿತ್ತು. ಅಂದರೆ ಬೆಲೆಯಲ್ಲಿ ಸಾವಿರ ಡಾಲರಿಗೂ ಜಾಸ್ತಿ ಗಾಳಿಗೆ ಹೋಯಿತು. ಫೋನ್ ಮಾಡಿ ಹೇಳಿದಾಗ ಮಾರುವವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ಅವನೂ ಎರಡು ವರ್ಷದಿಂದ ಜಿಗಿದಿರಲಿಲ್ಲ.

ರಿಸರ್ವನ್ನು ನಾವು ಮುಟ್ಟಲಿಲ್ಲ. ಅದನ್ನು ಬಿಚ್ಚಿ ಮಡಿಸೋದು ರಿಗ್ಗರ್ ಕೆಲಸ, ಸೀಲ್ ಇರುತ್ತದೆ. ಆದರೆ ಅದರ ಅಳತೆಯ ಬಗ್ಗೆ ನಮ್ಮಿಬ್ಬರಿಗೆ ಜೋರು ಮಾತಾಯಿತು. 'ಅದನ್ನ ಯಾವಾಗರ ಒಮ್ಮೆ ಬಳಸೂದು, ಸಣ್ಣದಿದ್ರ ಏನಾತು?' ಅಂತ ಅವನು. ಒಮ್ಮೆ ಬಳಸೋದಕ್ಕೇ ಅದು ದೊಡ್ಡದಿರಬೇಕು ಅಂತ ನಾನು. ರಿಸರ್ವ್‌ನಲ್ಲಿ ಇಳಿಯುವ ದಿನ ನೀನು ಮೊದಲೇ ಹೆದರಿರುತ್ತಿ. ಎತ್ತರ ಕಳೆದುಕೊಂಡಿರುತ್ತಿ. ಇಳಿಯೋದು ನಿನಗಿಷ್ಟವಾದ ಹುಲ್ಲಿನ ಮೈದಾನಕ್ಕಲ್ಲ, ಯಾರದೋ ಕಬ್ಬಿನ ಗದ್ದೆಗೆ. ಎಎಡಿ ತೆರೆಸಿದ್ದರೆ ನಿನಗೆ ಪ್ರಜ್ಞೆಯೇ ಇಲ್ಲದಿರಬಹುದು. 198 ಪೌಂಡನ್ನು 126ರಿಂದ ಭಾಗಿಸಿದರೆ 1.57. ಮುಖ್ಯ ಛತ್ರಿಯಲ್ಲೇ ಯಾವತ್ತೂ ಹಾರದ ವೇಗದಲ್ಲಿ, ಯಾವತ್ತೂ ಹಾರಿಸದ ಛತ್ರಿಯ ಕೆಳಗೆ, ಕೈಕಾಲು ಬಿಟ್ಟು ನೆಲಕ್ಕೆ ಬರೋದು. ಇದನ್ನು ಕೇಳಿ ಅವನು ಎದ್ದುಹೋಗಿ ಚಹಾ ತಂದ. ಅವನಲ್ಲಿ ಅದು ಒಪ್ಪಿಗೆಯ ಗುರುತು. ರಿಗ್ ಮೂರನೇ ದಿನ ಬೆಂಗಳೂರಿಗೆ ವಾಪಸ್ ಹೋಯಿತು.

ಇಷ್ಟೆಲ್ಲ ಹೇಳಿದ ನಾನೂ ಒಂದು ಕಡೆ ತಪ್ಪಿದೆ. ಉತ್ಸಾಹದಲ್ಲಿ 190 ತಗೋ, ನಿಶ್ಚಿಂತೆ ಅಂದುಬಿಟ್ಟೆ. ಗೆಳೆಯ ಒಪ್ಪಲಿಲ್ಲ. ಅವನ ವಾದ ಹೀಗಿತ್ತು: 170ರಲ್ಲಿ ನಾನು ಆಗಲೇ ನೂರಕ್ಕೂ ಜಾಸ್ತಿ ಜಂಪ್ ಮಾಡಿದ್ದೇನೆ, ಅದರ ಫ್ಲೇರ್ ನನ್ನ ಕೈಗೆ ಗೊತ್ತು. 190ರಲ್ಲಿ ಗಾಳಿ ಸ್ವಲ್ಪ ಜೋರಾದರೆ ನಿಂತಲ್ಲೇ ನಿಂತುಬಿಡುತ್ತೇನೆ, ಹಿಂದಕ್ಕೂ ಹೋಗಬಹುದು. ಬೇಜಾರಾಗಿ ಎರಡು ವರ್ಷಕ್ಕೆ ಮಾರುತ್ತೇನೆ. ಅವನು ಹೇಳಿದ್ದು ಸರಿ. ಬೇಜಾರು ಬರುವ ಸಾಮಾನು ಕೂಡ ಸುರಕ್ಷಿತವಲ್ಲ, ಮನುಷ್ಯ ಅದನ್ನು ಮೂಲೆಗೆ ಹಾಕಿ ಇನ್ನೂ ಕಡಿಮೆ ಜಿಗಿಯುತ್ತಾನೆ. ಕೊನೆಗೆ 170ಕ್ಕೆ ನಿಂತೆವು. ಮುಖ್ಯ ಛತ್ರಿ ಪರ್ಫಾರ್ಮೆನ್ಸ್ ಡಿಸೈನ್ಸ್‌ನ ಸೇಬರ್ ಸಾಲಿನದು, ಒಂಬತ್ತು ಕೋಶದ್ದು, ರಿಸರ್ವ್ ಅದೇ ಕಂಪನಿಯ ಆಪ್ಟಿಮಮ್ 176. ಆಪ್ಟಿಮಮ್ ಬಟ್ಟೆ ತೆಳು, ಮಡಿಸಿದರೆ ಕಡಿಮೆ ಜಾಗ ಹಿಡಿಯುತ್ತದೆ. ಹಾಗಾಗಿ ದೊಡ್ಡ ರಿಸರ್ವ್ ಇದ್ದರೂ ಕಂಟೇನರ್ ದಪ್ಪ ಆಗಲಿಲ್ಲ. ಕೆಟ್ಟ ಛತ್ರಿ ಕಳಚುವಾಗಲೇ ರಿಸರ್ವನ್ನು ಎಳೆದು ತೆರೆಯುವ ಸ್ಕೈಹುಕ್ ಇರುವ ಕಂಟೇನರ್ ಆರಿಸಿದ. ಅದರ ಬಗ್ಗೆ ನನಗೆ ಎರಡು ಮಾತಿಲ್ಲ.

ಕಂಟೇನರ್‌ಗೆ ಅಳತೆ ಕೊಡೋದು ಒಂದು ಕತೆ. ಎದೆ, ಸೊಂಟ, ತೊಡೆ, ಭುಜದಿಂದ ಸೊಂಟದವರೆಗೆ, ಕಾಲಿನ ಒಳಗಡೆ ಉದ್ದ, ಎಲ್ಲಾ ಇಂಚಿನಲ್ಲಿ ಕೇಳುತ್ತಾರೆ. ಖಡೇ ಬಜಾರಿನ ದರ್ಜಿಯ ಹತ್ತಿರ ಹೋದೆವು. ಬೆಲ್ಟು, ಜೇಬಿನಲ್ಲಿ ಫೋನು, ದಪ್ಪ ಜೀನ್ಸು, ಹಾಗೇ ಅಳತೆ ತಗೊಂಡ. ನಾನು ಪಕ್ಕದಲ್ಲಿ ನಿಂತು ಬರೆದುಕೊಂಡೆ, ನನಗೂ ಹೊಳೆಯಲಿಲ್ಲ. ರಾತ್ರಿ ಫಾರಂ ತುಂಬುವಾಗ ಸೊಂಟ ಎರಡು ಇಂಚು ಜಾಸ್ತಿ ಅಂತ ಗೊತ್ತಾಗಿ ಮರುದಿನ ಲುಂಗಿಯಲ್ಲಿ ಕರೆದುಕೊಂಡು ಹೋದೆ. ದರ್ಜಿ ಕೇಳಿದ, 'ಇದು ಎಂಥಾ ಡ್ರೆಸ್ರೀ, ತೊಡಿ ಅಳತಿ ಮೂರ್ ಸಲ ಕೇಳ್ತದ?' ನಗುವ ವಿಷಯವಲ್ಲ. ಮೈಗೆ ಬಿಗಿಯುವ ಪಟ್ಟಿ, ಅಂದರೆ ಹಾರ್ನೆಸ್, ದೊಡ್ಡದಾದರೆ ಛತ್ರಿ ತೆರೆದಾಗ ಎದೆಯ ಮೇಲಿನ ಹ್ಯಾಂಡಲ್‌ಗಳು ಕಿವಿಯ ಹತ್ತಿರ ಏರುತ್ತವೆ. ಬೇಕಾದ ಹೊತ್ತಿನಲ್ಲಿ ಕೈ ಹುಡುಕಾಡುತ್ತದೆ. ಹಳೆಯ ರಿಗ್ ಆರಡಿ ಮನುಷ್ಯನಿಗೆ ಹೊಲಿದದ್ದು, ಗೆಳೆಯ ಐದಡಿ ಆರಿಂಚು. ಅದನ್ನು ತೊಟ್ಟಾಗ ಬೆನ್ನಿಗೂ ಕಂಟೇನರ್‌ಗೂ ನಡುವೆ ನನ್ನ ಮುಷ್ಟಿ ಹೋಗುತ್ತಿತ್ತು.

ಬಣ್ಣದಲ್ಲಿ ನಾನು ಒಂದೇ ಮಾತು ಹೇಳಿದೆ: ಹಸಿರು ಬೇಡ. ಕಟವೇ ಮಾಡಿದ, ಅಂದರೆ ಮೇಲೇ ಕಳಚಿಬಿಟ್ಟ ಛತ್ರಿ ಗಾಳಿಯಲ್ಲಿ ತೇಲಿಕೊಂಡು ಎಲ್ಲೋ ಹೋಗಿ ಬೀಳುತ್ತದೆ. ಹಸಿರು ಬೆಳೆಯ ನಡುವೆ ಹಸಿರು ಛತ್ರಿಯನ್ನು ಎರಡು ದಿನ ಹುಡುಕಿದವನು ನಾನು. ಅವನು ಕಿತ್ತಳೆ ಮತ್ತು ಹಳದಿ ಆರಿಸಿದ. ಹೆಂಡತಿ 'ಭಂಡಾರ ಹಾರಿಸಿದಂಗ ಐತಿ' ಅಂದಳಂತೆ. ಹೆಲ್ಮೆಟ್, ಕಿವಿಗೆ ಕೂಗುವ ಆಲ್ಟಿಮೀಟರ್ ಅವನ ಹತ್ತಿರ ಮೊದಲೇ ಇದ್ದವು. ಸೂಟ್ ಮಾತ್ರ ಸ್ವಲ್ಪ ಸಡಿಲ ಹೊಲಿಸಿದ. ಗಿಡ್ಡ ಗಟ್ಟಿ ಮೈ, ಬೇಗ ಬೀಳುತ್ತಾನೆ, ಗುಂಪಿನಲ್ಲಿ ಕೈ ಹಿಡಿಯೋ ಹೊತ್ತಿಗೆ ಇವನು ಹತ್ತಡಿ ಕೆಳಗಿರುತ್ತಿದ್ದ.

ಐದು ತಿಂಗಳು ಕಾದ ಮೇಲೆ ರಿಗ್ ಬಂತು. ಹೊಸ ಬಟ್ಟೆ ಗಾಳಿ ಒಂಚೂರೂ ಬಿಡೋದಿಲ್ಲ. ಮಡಿಸುವಾಗ ಒಳಗಿನ ಗಾಳಿ ಹೊರಗೆ ಹೋಗದೆ ಕೈಯಿಂದ ಮೀನಿನ ಹಾಗೆ ಜಾರುತ್ತದೆ. ಬಾಡಿಗೆ ರಿಗ್ ಇದ್ದಾಗ ದುಡ್ಡು ಕೊಟ್ಟು ಪ್ಯಾಕ್ ಮಾಡಿಸಿಕೊಳ್ಳುತ್ತಿದ್ದವನು ಈಗ ಅದೇ ಮಂಟಪದಲ್ಲಿ ಮದುವೆ ಇಲ್ಲದ ದಿನಗಳಲ್ಲಿ ಕೂತು ಕಲಿತ. ಮೊದಲ ಸಲ 55 ನಿಮಿಷ, ಅಂಗಿ ಒದ್ದೆ. ಹೊರಡುವ ಹೊತ್ತಿಗೆ 20ಕ್ಕೆ ಬಂದಿದ್ದ. ಸ್ವಂತ ರಿಗ್‌ನ ಮಜಾ ಅರ್ಧ ಇಲ್ಲೇ ಇದೆ ಅಂತ ನನ್ನ ನಂಬಿಕೆ. ಪ್ರತಿ ಲೈನೂ ನಿನ್ನ ಬೆರಳ ನಡುವೆ ಹಾದು ಹೋಗಿರುತ್ತದೆ.

ಫೆಬ್ರವರಿಯಲ್ಲಿ ಇಬ್ಬರೂ ಥಾಯ್ಲೆಂಡಿಗೆ ಹೋದೆವು. ರಿಗ್ಗನ್ನು ಕೈಚೀಲವಾಗಿಯೇ ಒಯ್ದೆವು. ಎಕ್ಸ್‌ರೇಯಲ್ಲಿ ಎಎಡಿ ಕಂಡರೆ ತೋರಿಸಲಿಕ್ಕೆ ಕಂಪನಿಯ ಕಾರ್ಡ್ ಜೇಬಿನಲ್ಲಿತ್ತು. ಒಂದು ಕಡೆ ಇಪ್ಪತ್ತು ನಿಮಿಷ ವಿವರಿಸಬೇಕಾಯಿತು, ಅಷ್ಟೆ. ಅಂದ ಹಾಗೆ, ಪುಣೆಯ ಶೀತಲ್ ಮಹಾಜನ್ 2018ರಲ್ಲಿ ಒಂಬತ್ತು ಗಜದ ಸೀರೆ ಉಟ್ಟು ಜಿಗಿದದ್ದು ಇದೇ ಪಟ್ಟಾಯದ ಆಕಾಶದಲ್ಲಿ. ಗೆಳೆಯನ ತಾಯಿಗೆ ಆ ವಿಡಿಯೋ ತೋರಿಸಿದ ಮೇಲೆ ಮನೆಯಲ್ಲಿ ವಿರೋಧ ಸ್ವಲ್ಪ ತಣ್ಣಗಾಗಿತ್ತು.

ಮೊದಲ ದಿನ ಫ್ರೀಫಾಲ್ ಇಲ್ಲ ಅಂತ ನಾನು ಷರತ್ತು ಹಾಕಿದ್ದೆ. ವಿಮಾನದಿಂದ ಇಳಿದ ಕೂಡಲೇ ಛತ್ರಿ ತೆರೆಯೋದು, 10,000 ಅಡಿಗೂ ಮೇಲೆ, ಪೈಲಟ್‌ಗೆ ಮೊದಲೇ ಹೇಳಿ. ಮೇಲೆ ಬೇಕಾದಷ್ಟು ಹೊತ್ತು ಇರುತ್ತದೆ. ಎಷ್ಟು ಎಳೆದರೆ ಛತ್ರಿ ನಿಂತು ಸ್ಟಾಲ್ ಆಗುತ್ತದೆ, ಅರ್ಧ ಬ್ರೇಕಿನಲ್ಲಿ ಹೆಚ್ಚು ಎತ್ತರ ಕಳೆಯದೆ ಎಷ್ಟು ತಿರುಗಬಹುದು, ಬ್ರೇಕ್ ಲೈನ್ ಕಿತ್ತುಹೋದರೆ ಹಿಂದಿನ ರೈಸರಿನಿಂದ ಹೇಗೆ ಇಳಿಯೋದು, ಎಲ್ಲವನ್ನೂ ಮೇಲೇ ಮಾಡಿ ನೋಡಿದ. ಅನುಭವಿಗೆ ಇದು ಮೊದಲಿಗೆ ಅವಮಾನದ ಹಾಗೆ ಕಾಣುತ್ತದೆ. ಆದರೆ ಎರಡನೇ ಜಂಪ್ ಆದ ಮೇಲೆ ಅವನೇ ಇನ್ನೊಂದು ಮಾಡೋಣ ಅಂದ. ಕೆಳಗೆ ಸಮುದ್ರದಂಚು, ಮರಗೆಣಸಿನ ಹೊಲಗಳು, ಮುಖಕ್ಕೆ ತಂಪು ಗಾಳಿ, ಹತ್ತು ನಿಮಿಷದ ಸವಾರಿ. ಒಂಬತ್ತು ವರ್ಷದಲ್ಲಿ ಅವನು ಛತ್ರಿಯನ್ನು ಕೆಳಗಿಳಿಯೋ ಏಣಿ ಅಂತಲೇ ನೋಡಿದ್ದ. ಅರವತ್ತು ಸೆಕೆಂಡ್ ಬೀಳೋದೇ ಆಟ, ಆಮೇಲಿನದು ಸುಮ್ನೆ ಮನೆಗೆ ಹೋಗೋ ದಾರಿ. ಈ ಸಲ ಇಳಿದು ಬಂದವನ ಮುಖದಲ್ಲಿ ಬೇರೆಯೇ ನಗು. 'ಹಿಂದೆಲ್ಲಾ 3,000 ಅಡಿಯಿಂದನೇ ಲ್ಯಾಂಡಿಂಗ್ ಚಿಂತಿ ಶುರು ಆಗ್ತಿತ್ತು. ಇವತ್ತು ಹಕ್ಕಿ ನೋಡಿದೆ' ಅಂದ.

ಆ ಹನ್ನೆರಡು ದಿನದಲ್ಲಿ 34 ಜಂಪ್. ಒಂದು ಸಲ ಲೈನುಗಳು ಹುರಿಗಟ್ಟಿ ಛತ್ರಿ ತೆರೆಯಿತು. ತಪ್ಪು ಅವನದೇ, ಪ್ಯಾಕ್ ಮಾಡುವಾಗ ಲೈನುಗಳನ್ನು ಹಿಡಿದಿಡುವ ಕೊನೆಯ ರಬ್ಬರ್ ಬ್ಯಾಂಡ್ ಸಡಿಲ ಬಿಟ್ಟಿದ್ದ. ಅವಸರ ಮಾಡದೆ ರೈಸರ್ ಅಗಲಿಸಿ ಕಾಲು ಒದೆದು ಬಿಡಿಸಿಕೊಂಡ. 1.16ರ ಲೋಡಿಂಗ್ ಇದ್ದದ್ದಕ್ಕೆ ಛತ್ರಿ ನೇರವಾಗಿಯೇ ಹಾರುತ್ತಿತ್ತು. 135 ಆಗಿದ್ದರೆ ಸುತ್ತಲು ಶುರುಮಾಡುತ್ತಿತ್ತೇನೋ. ಕೊನೆಯ ಎರಡು ದಿನ ಅಲ್ಲಿದ್ದ ಒಬ್ಬರ 150ರಲ್ಲಿ ನಾಲ್ಕು ಜಂಪ್ ಮಾಡಿಯೂ ನೋಡಿದ. ಚೆನ್ನಾಗಿ ಇಳಿದ. ಆಸೆ ಪೂರ್ತಿ ಹೋಗಿಲ್ಲ.

ಮೇನಲ್ಲಿ ಬಾಗಲಕೋಟೆಯಲ್ಲಿ ನೆಂಟರ ಮದುವೆ. ಅಲ್ಲಿಯ ಭಾವನಿಗೆ ತೋರಿಸೋಣ ಅಂತ ರಿಗ್ಗನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗಿ ಎರಡು ದಿನ ಬಿಸಿಲಲ್ಲೇ ಬಿಟ್ಟಿದ್ದ. ಗೊತ್ತಾದಾಗ ನಾನು ಬೈದೆ. ನೈಲಾನಿಗೆ ಬಿಸಿಲು ಶತ್ರು. ಡಿಕ್ಕಿಯ ಕತ್ತಲಲ್ಲಿ ಬಿಸಿಲು ಬೀಳದಿದ್ದರೂ ಆ ಕಾವು ರಬ್ಬರ್ ಬ್ಯಾಂಡುಗಳನ್ನು ಹಪ್ಪಳ ಮಾಡುತ್ತದೆ. ಬಿಚ್ಚಿ ನೋಡಿದರೆ ಆರು ಬ್ಯಾಂಡ್ ಮುಟ್ಟಿದರೆ ತುಂಡು. ಬದಲಾಯಿಸಿದೆವು. ಈಗ ಬೆಳಗಾವಿಯ ಮಳೆಗೆ ಉಲ್ಟಾ ಚಿಂತೆ, ಬೂಷ್ಟು ಮತ್ತು ಬಕಲ್‌ಗಳ ತುಕ್ಕು. ಮಲಗುವ ಕೋಣೆಯ ಕಪಾಟಿನ ಮೇಲಿನ ಖಾನೆ ಖಾಲಿ ಮಾಡಿಸಿ, ಸಿಲಿಕಾ ಪೊಟ್ಟಣ ಹಾಕಿ ಇಟ್ಟಿದ್ದಾನೆ. ಹೆಂಡತಿಯ ರೇಷ್ಮೆ ಸೀರೆಗಳು ಕೆಳಗಿನ ಖಾನೆಗೆ ಇಳಿದಿವೆ.

ರಿಸರ್ವ್‌ನ ಮರುಮಡಿಕೆಯ ಲೆಕ್ಕ ಒಂದು ಬಾಕಿ ಇದೆ. ಅಮೆರಿಕದ ನಿಯಮದಲ್ಲಿ 180 ದಿನಕ್ಕೊಮ್ಮೆ ರಿಗ್ಗರ್ ಬಿಚ್ಚಿ, ಗಾಳಿಯಾಡಿಸಿ, ನೋಡಿ, ಮತ್ತೆ ಮಡಿಸಬೇಕು. ಫೆಬ್ರವರಿಯಲ್ಲಿ ಮಾಡಿಸಿದ್ದು ಆಗಸ್ಟಿಗೆ ಮುಗಿಯುತ್ತದೆ. ಆಗಸ್ಟಿನಲ್ಲೇ ಮಾಡಿಸಿದರೆ ಹೊಸ 180 ದಿನಗಳಲ್ಲಿ ಎಷ್ಟೋ ದಿನ ಮಳೆಗಾಲದಲ್ಲಿ ಕಪಾಟಿನಲ್ಲೇ ಹೋಗುತ್ತವೆ. ಹಾಗಾಗಿ ಅವಧಿ ಮುಗಿದರೂ ಹಾಗೇ ಇರಲಿ, ದಸರಾ ಆದ ಮೇಲೆ ಹೊರಡುವ ವಾರಕ್ಕೆ ಸರಿಯಾಗಿ ಮಾಡಿಸೋಣ ಅಂತ ಮಾತಾಗಿದೆ. ಅಲ್ಲಿಯವರೆಗೆ ಮಂಟಪದಲ್ಲಿ ಪ್ಯಾಕಿಂಗ್ ಅಭ್ಯಾಸ. ಕಾವಲುಗಾರ ಈಗ ಶಾಮಿಯಾನದ ಮಾತು ಬಿಟ್ಟಿದ್ದಾನೆ. ಸ್ಲೈಡರನ್ನು ನಾಲ್ಕು ಭಾಗ ಮಾಡಿ ಹಿಡಿಯೋದು ಅವನಿಗೇ ಚೆನ್ನಾಗಿ ಬಂದಿದೆ.